ಡ್ರಾಯರಿನಲ್ಲಿ ಉಳಿದವರ ಪರವಾಗಿ ಒಂದು ಬಹಿರಂಗ ಪತ್ರ

ಮನೋವಿಜ್ಞಾನ ವಿಭಾಗಗಳ ಮುಖ್ಯಸ್ಥರಿಗೆ ಮತ್ತು ಪಿಎಚ್.ಡಿ. ಮಾರ್ಗದರ್ಶಕರಿಗೆ,

ನಮಸ್ಕಾರ.

ನಾನು ಪ್ರಾಯೋಗಿಕ ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವಳು. ಪ್ರೊಫೆಸರ್ ಆಗಲಿಲ್ಲ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಒಂದು "ಆದರೆ" ಸೇರಿಸದೆ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಅಷ್ಟು ದಿನ ಯಾಕೆ ಬೇಕಾಯಿತು ಅನ್ನುವುದನ್ನು ನಿಮಗೆ ಹೇಳಬೇಕಿದೆ. ಅದರಲ್ಲಿ ನಿಮ್ಮ ಪಾಲೂ ಇದೆ.

ಹೋದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಪದವಿಯ ಕೊನೆಯ ವರ್ಷ. ಮುಂದೆ ಪ್ರಾಯೋಗಿಕ ಮನೋವಿಜ್ಞಾನವನ್ನೇ, ಅಂದರೆ ಮನಸ್ಸು ಕೆಲಸ ಮಾಡುವ ಬಗೆಯನ್ನು ಪ್ರಯೋಗ ಮಾಡಿ ಅಳೆಯುವ ವಿಷಯವನ್ನೇ, ಓದಬೇಕು ಅಂತ ಆಸೆ. "ಓದಿದವರೆಲ್ಲ ಆಮೇಲೆ ಏನಾಗ್ತಾರೆ?" ಅಂತ ಕೇಳಿದಳು. ನಾನು ಓದಿದ ವಿಭಾಗದ ಪ್ರವೇಶ ಕೈಪಿಡಿ ಅವಳ ಕೈಯಲ್ಲೇ ಇತ್ತು. "ಹಳೆಯ ವಿದ್ಯಾರ್ಥಿಗಳು" ಅನ್ನುವ ಪುಟ ತೆರೆದು ಓದು ಅಂದೆ. ಹನ್ನೊಂದು ಹೆಸರು ಓದಿದಳು. ಹನ್ನೊಂದು ಜನರೂ ಪ್ರೊಫೆಸರುಗಳು. ನನ್ನ ಕಾಲದಲ್ಲಿ ನಮ್ಮ ಲ್ಯಾಬಿನಲ್ಲಿ ಆರು ಜನ ಇದ್ದೆವು. ಆ ಪಟ್ಟಿಯಲ್ಲಿ ಇದ್ದದ್ದು ಒಬ್ಬನ ಹೆಸರು. ಉಳಿದ ಐದು ಜನ ಸತ್ತಿಲ್ಲ, ಮಾಯವಾಗಿಲ್ಲ. ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೇವೆ. ಪುಟದಲ್ಲಿ ಮಾತ್ರ ಇಲ್ಲ.

1979ರಲ್ಲಿ ರಾಬರ್ಟ್ ರೋಸೆಂಥಾಲ್ ಅನ್ನುವ ಮನೋವಿಜ್ಞಾನಿ ಒಂದು ಹಳೆಯ ರೋಗಕ್ಕೆ ಹೆಸರಿಟ್ಟರು: ಫೈಲ್ ಡ್ರಾಯರ್ ಸಮಸ್ಯೆ. ಅದನ್ನು ನಿಮಗೆ ವಿವರಿಸಬೇಕಾಗಿಲ್ಲ, ನಮಗೆ ಕಲಿಸಿದವರೇ ನೀವು. ಆದರೆ ಬಹಿರಂಗ ಪತ್ರ ಅಂದಮೇಲೆ ಬೇರೆಯವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಪ್ರಯೋಗದಲ್ಲಿ ಅಂದುಕೊಂಡ ಫಲಿತಾಂಶ ಬಂದರೆ ಅದು ಜರ್ನಲ್‌ನಲ್ಲಿ ಅಚ್ಚಾಗುತ್ತದೆ. ಬರದಿದ್ದರೆ ಆ ಕಾಗದ ಮೇಜಿನ ಡ್ರಾಯರ್ ಸೇರುತ್ತದೆ. ಹೊರಗಿನವರಿಗೆ ಕಾಣುವುದು ಅಚ್ಚಾದದ್ದು ಮಾತ್ರ. ಹತ್ತು ಸಲ ಸೋತು ಒಂದು ಸಲ ಗೆದ್ದ ವಿಚಾರವೂ ಸದಾ ಗೆಲ್ಲುವ ವಿಚಾರದ ಹಾಗೆ ತೋರುತ್ತದೆ.

ನಿಮ್ಮ ಕೈಪಿಡಿಯ ಆ ಪುಟಕ್ಕೂ ಅದೇ ರೋಗ. ಗೆದ್ದವರು ಅಂತ ನೀವು ಎಣಿಸಿದವರು ಅಚ್ಚಾಗಿದ್ದಾರೆ, ನಾವು ಡ್ರಾಯರಿನಲ್ಲಿದ್ದೇವೆ. ಕ್ಲಾಸಿನಲ್ಲಿ ಇದೇ ತಪ್ಪನ್ನು ಯಾವ ವಿದ್ಯಾರ್ಥಿಯಾದರೂ ಮಾಡಿದ್ದರೆ ನೀವು ಕೆಂಪು ಪೆನ್ನಿನಲ್ಲಿ ಗೀಚಿ ವಾಪಸ್ ಕೊಡುತ್ತಿದ್ದಿರಿ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರಿಗೆ ಮನಃಶಾಸ್ತ್ರ ವಿಭಾಗದ ಪರಿಚಯ ಇತ್ತೋ ಏನೋ!

ಲೆಕ್ಕವಂತೂ ತುಂಬಾ ಸುಲಭ. ಒಬ್ಬ ಮಾರ್ಗದರ್ಶಕರು ಮೂವತ್ತು ವರ್ಷ ಕೆಲಸ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೆ ಒಬ್ಬರಿಗೆ ಪಿಎಚ್.ಡಿ. ಕೊಡಿಸಿದರೂ ಹದಿನೈದು ಜನ ಆಯಿತು. ನಿವೃತ್ತರಾಗುವಾಗ ಅವರು ಖಾಲಿ ಮಾಡುವುದು ಒಂದು ಕುರ್ಚಿ. ಹೊಸ ಕಾಲೇಜುಗಳು ಶುರುವಾದರೆ ಇನ್ನೊಂದೋ ಎರಡೋ ಕುರ್ಚಿ ಸೇರಬಹುದು, ಖರ್ಚು ಕಡಿತವಾದರೆ ಇದ್ದದ್ದೂ ಹೋಗಬಹುದು. ಹೇಗೆ ಕೂಡಿಸಿ ಕಳೆದರೂ ಹೆಚ್ಚಿನವರು ಬೇರೆ ಕೆಲಸಕ್ಕೆ ಹೋಗಲೇಬೇಕು. ಸರಾಸರಿ, ವಿಚಲನೆ ಅಂತ ವರ್ಷಗಟ್ಟಲೆ ಪಾಠ ಮಾಡುವ ವಿಭಾಗದಲ್ಲಿ ಈ ಒಂದು ಭಾಗಾಕಾರವನ್ನು ನನಗೆ ಯಾರೂ ಮಾಡಿ ತೋರಿಸಲಿಲ್ಲ. ನಾನೂ ಕೇಳಲಿಲ್ಲ, ನಿಜ. ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಹದಿನೈದರಲ್ಲಿ ಒಬ್ಬಳು ನಾನೇ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ?

ಅದಕ್ಕೂ ಮೊದಲು ಇನ್ನೊಂದು ವಿಷಯ. ಇದನ್ನು ಪ್ರವೇಶದ ದಿನವೇ ದೊಡ್ಡ ಅಕ್ಷರದಲ್ಲಿ ಹೇಳಿಬಿಡಿ. ಪ್ರಾಯೋಗಿಕ ಮನೋವಿಜ್ಞಾನ ಓದಿದವರು ಚಿಕಿತ್ಸಕರಾಗುವುದಿಲ್ಲ. ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡಲು ಬೇರೆ ತರಬೇತಿ ಬೇಕು, ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಕಳೆದ ನೂರಾರು ಗಂಟೆಗಳು ಬೇಕು, ಹಲವು ಕಡೆ ಪರವಾನಗಿಯೂ ಬೇಕು. ನಮ್ಮ ಪಿಎಚ್.ಡಿ.ಯಲ್ಲಿ ಅದು ಯಾವುದೂ ಸಿಗುವುದಿಲ್ಲ. ನನ್ನ ಜೊತೆ ಸೇರಿದವರಲ್ಲಿ ಒಬ್ಬಳು ಎರಡನೇ ವರ್ಷದಲ್ಲಿ ಇದನ್ನು ಗೊತ್ತು ಮಾಡಿಕೊಂಡು ಅತ್ತಿದ್ದಳು. ಕೌನ್ಸೆಲಿಂಗ್ ಮಾಡುತ್ತೇನೆ ಅಂತ ಬಂದವಳು, ದಿನವಿಡೀ ಪರದೆಯ ಮೇಲೆ ಚುಕ್ಕಿ ತೋರಿಸುತ್ತಾ ಕುಳಿತಿದ್ದಳು. ಅವಳಿಗೆ ಯಾರೂ ಮೋಸ ಮಾಡಲಿಲ್ಲ. ಆದರೆ ಯಾರೂ ತಡೆದು ಹೇಳಲೂ ಇಲ್ಲ.

ಚುಕ್ಕಿ ತೋರಿಸುವುದು ಅಂದೆ. ಕೇಳಲು ಬೇಜಾರಿನ ಕೆಲಸದ ಹಾಗಿದೆ. ನನಗೆ ಮಾತ್ರ ಅದು ಇಷ್ಟ, ಈಗಲೂ. ಯೋಚನೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಬಹುದು ಅನ್ನುವುದೇ ಒಂದು ಬೆರಗು. 1868ರಲ್ಲಿ ಡಚ್ ವಿಜ್ಞಾನಿ ಡಾಂಡರ್ಸ್ ಅದನ್ನು ಸರಳ ಕಳೆಯುವ ಲೆಕ್ಕದಲ್ಲಿ ಮಾಡಿದರು. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಲು ಎಷ್ಟು ಹೊತ್ತು ಬೇಕು, ಯಾವ ದೀಪ ಅಂತ ನೋಡಿ ಆರಿಸಿ ಒತ್ತಲು ಎಷ್ಟು ಹೊತ್ತು ಬೇಕು, ಎರಡರ ನಡುವಿನ ಅಂತರವೇ ಆರಿಸುವುದಕ್ಕೆ ಹಿಡಿದ ಸಮಯ. ಅಷ್ಟೇ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ಮರೆವಿಗೂ ಒಂದು ರೇಖೆ ಇದೆ ಅಂತ 1885ರಲ್ಲಿ ತೋರಿಸಿದರು. ಪ್ರಯೋಗ ಮಾಡಿದವರೂ ಅವರೇ, ಪ್ರಯೋಗಕ್ಕೆ ಒಳಗಾದವರೂ ಅವರೇ. ಸಂಶೋಧನೆಯ ನೈತಿಕತೆ ನೋಡುವ ಇಂದಿನ ಸಮಿತಿ ಅದಕ್ಕೂ ಒಂದು ಫಾರಂ ಕೇಳುತ್ತಿತ್ತೇನೋ!

ಕಷ್ಟವಿಲ್ಲ ಅಂತಲ್ಲ. ಪ್ರಯೋಗದ ಕೋಡ್ ಬರೆಯಬೇಕು, ಮೊದಲ ಹತ್ತು ಜನರ ಮೇಲೆ ಪರೀಕ್ಷಿಸಿ ಅದು ಹಾಳು ಅಂತ ತಿಳಿದು ಮತ್ತೆ ಬರೆಯಬೇಕು. ಬರುತ್ತೇನೆ ಅಂದವರು ಬರುವುದಿಲ್ಲ. ಬಂದವರು ಅರ್ಧಕ್ಕೆ ತೂಕಡಿಸುತ್ತಾರೆ. ಅಂಕಿಅಂಶ ಬಿಡಿಸಲು ಕುಳಿತರೆ ವಾರಗಟ್ಟಲೆ ಎದ್ದೇಳುವ ಹಾಗಿಲ್ಲ. ಆದರೆ ಈ ಗೋಳಿನಲ್ಲೇ ಒಂದು ಕಸುಬು ಕೈಗೆ ಹತ್ತುತ್ತದೆ. ಯಾರಾದರೂ "ಇದರಿಂದ ಅದು ಆಯಿತು" ಅಂದರೆ ತಕ್ಷಣ "ಬೇರೆ ಏನು ಕಾರಣ ಇರಬಹುದು?" ಅಂತ ತಲೆ ಓಡುತ್ತದೆ. ಮನೆಯಲ್ಲಿ ಇದರಿಂದ ಜಗಳವೂ ಆಗುತ್ತದೆ, ಅದು ಬೇರೆ ಮಾತು.

ನನ್ನ ಪ್ರಬಂಧದ ಮೊದಲ ಎರಡು ವರ್ಷ ಹೋದದ್ದು ಅಚ್ಚಾದ ಒಂದು ಫಲಿತಾಂಶದ ಬೆನ್ನು ಹತ್ತಿ. ಅದನ್ನು ಮೊದಲು ನಾನೂ ಪಡೆದು, ಆಮೇಲೆ ಮುಂದಕ್ಕೆ ಬೆಳೆಸಬೇಕಿತ್ತು. ನಾಲ್ಕು ಸಲ ಪ್ರಯತ್ನಿಸಿದೆ. ಬರಲೇ ಇಲ್ಲ. ನನ್ನ ಮಾರ್ಗದರ್ಶಕರು ಕೆಟ್ಟವರಲ್ಲ, ಆದರೆ "ನೀನು ಸರಿಯಾಗಿ ಮಾಡುತ್ತಿಲ್ಲ" ಅಂದರು. ನಂಬಿದೆ. ಒಂದು ವರ್ಷ ನನ್ನ ಕೈಯ ಮೇಲೇ ನನಗೆ ಅನುಮಾನ. ಆ ನಾಲ್ಕು ಪ್ರಯೋಗಗಳು ಈಗಲೂ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿವೆ.

2015ರಲ್ಲಿ ಅಚ್ಚಾದ ದೊಡ್ಡ ಅಧ್ಯಯನ ನಿಮಗೆ ಗೊತ್ತೇ ಇದೆ. ನೂರು ಹಳೆಯ ಅಧ್ಯಯನಗಳನ್ನು ಹಲವು ಲ್ಯಾಬುಗಳು ಸೇರಿ ಮತ್ತೆ ಮಾಡಿದವು. ಮೂಲದಲ್ಲಿ ತೊಂಬತ್ತೇಳಕ್ಕೆ ಸಾರ್ಥಕ ಫಲಿತಾಂಶ, ಅಂದರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕಲಾಗದ ಫಲಿತಾಂಶ, ಇತ್ತು. ಮತ್ತೆ ಮಾಡಿದಾಗ ಅದು ಸಿಕ್ಕಿದ್ದು ಶೇ. 36ರಷ್ಟರಲ್ಲಿ. ಈ ಅಂಕಿ ಕಂಡು ನಮ್ಮ ವಿಷಯವೇ ಸುಳ್ಳು ಅಂತ ಆಡಿಕೊಂಡವರು ಬಹಳ ಜನ. ನನಗೆ ಹಾಗೆ ಅನ್ನಿಸಲಿಲ್ಲ. ತನ್ನ ಮನೆಯ ಗೋಡೆಯನ್ನು ತಾನೇ ತಟ್ಟಿ ನೋಡಿ, ಎಲ್ಲಿ ಟೊಳ್ಳು ಅಂತ ಊರಿಗೆಲ್ಲ ಹೇಳಿದ ವಿಜ್ಞಾನ ಇದು. ಪ್ರಯೋಗಕ್ಕೆ ಮೊದಲೇ ಯೋಜನೆಯನ್ನು ನೋಂದಾಯಿಸುವುದು, ದತ್ತಾಂಶವನ್ನು ಎಲ್ಲರಿಗೂ ತೆರೆದಿಡುವುದು, ಇದೆಲ್ಲ ಆಮೇಲೆ ಜೋರಾಯಿತು. ಸಂಶೋಧನೆಯ ಡ್ರಾಯರ್ ತೆರೆಯಲು ನಿಮಗೆ ಧೈರ್ಯ ಬಂತು. ವಿದ್ಯಾರ್ಥಿಗಳ ಡ್ರಾಯರಿಗೆ ಮಾತ್ರ ಇನ್ನೂ ಬೀಗ.

ಹೊರಗೆ ಹೋದವರು ಕೈಲಾಗದೆ ಹೋದವರು ಅನ್ನುವ ಭಾವನೆ ವಿಭಾಗದ ಗಾಳಿಯಲ್ಲೇ ಇರುತ್ತದೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. "ಅವನು ಕಂಪನಿ ಸೇರಿದನಂತೆ" ಅನ್ನುವ ಒಂದು ದನಿ ಇದೆಯಲ್ಲ, ಅಷ್ಟು ಸಾಕು. ಆದರೆ ನಮ್ಮ ವಿಷಯದ ಚರಿತ್ರೆಯೇ ಬೇರೆ ಹೇಳುತ್ತದೆ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ತೆರೆದ ಲ್ಯಾಬಿನಿಂದ ನಾವೆಲ್ಲ ಕಥೆ ಶುರು ಮಾಡುತ್ತೇವೆ. ಆ ವುಂಟ್ ಅವರ ಶಿಷ್ಯ ಜೇಮ್ಸ್ ಮೆಕೀನ್ ಕ್ಯಾಟೆಲ್ 1921ರಲ್ಲಿ ಮನೋವಿಜ್ಞಾನವನ್ನೇ ಸೇವೆಯಾಗಿ ಮಾರುವ ಕಂಪನಿ ಕಟ್ಟಿದರು. ಇನ್ನೊಬ್ಬ ಶಿಷ್ಯ ವಾಲ್ಟರ್ ಡಿಲ್ ಸ್ಕಾಟ್ 1903ರಲ್ಲೇ ಜಾಹೀರಾತಿನ ಮೇಲೆ ಪುಸ್ತಕ ಬರೆದರು. ಲ್ಯಾಬಿನ ಬಾಗಿಲು ಮೊದಲಿನಿಂದಲೂ ಹೊರಕ್ಕೂ ತೆರೆಯುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದ ಒಂದು ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಬಿ-17 ಯುದ್ಧವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ, ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎಳೆಯುವ ಬದಲು ಚಕ್ರವನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಎಲ್ಲರೂ ಪೈಲಟ್‌ಗಳನ್ನು ಬೈದರು. ಆಲ್ಫೋನ್ಸ್ ಚಪಾನಿಸ್ ಅನ್ನುವ ಯುವ ಮನೋವಿಜ್ಞಾನಿ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಎರಡೂ ಹಿಡಿಗಳು ಅಕ್ಕಪಕ್ಕ, ಎರಡೂ ಒಂದೇ ಥರ. ಅವರು ಮಾಡಿದ್ದಿಷ್ಟೇ: ಚಕ್ರದ ಹಿಡಿಗೆ ಚಕ್ರದ ಆಕಾರದ ರಬ್ಬರು, ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡು. ಕೈ ಮುಟ್ಟಿದರೇ ಗೊತ್ತಾಗಬೇಕು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ಜೋನ್ಸ್ ಇಂಥ 460 "ಪೈಲಟ್ ತಪ್ಪು"ಗಳನ್ನು ಬಿಡಿಸಿ ನೋಡಿದರು. ಬಹಳಷ್ಟು ಕಡೆ ದೋಷ ಇದ್ದದ್ದು ಸಲಕರಣೆಯ ವಿನ್ಯಾಸದಲ್ಲಿ.

ನಿಮ್ಮ ಫೋನಿನಲ್ಲಿ ನಂಬರ್ ಒತ್ತುವ ಪರದೆ ತೆರೆಯಿರಿ. 1, 2, 3 ಮೇಲಿನ ಸಾಲಿನಲ್ಲಿವೆ. ಈಗ ಕ್ಯಾಲ್ಕುಲೇಟರ್ ತೆರೆಯಿರಿ. ಮೇಲೆ 7, 8, 9. ಫೋನಿನ ಈ ಜೋಡಣೆಯ ಹಿಂದೆ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ನಡೆದ ಪ್ರಯೋಗಗಳಿವೆ. ಬಗೆಬಗೆಯ ಜೋಡಣೆಗಳನ್ನು ಜನರ ಕೈಗೆ ಕೊಟ್ಟು, ವೇಗ ಎಷ್ಟು, ತಪ್ಪು ಎಷ್ಟು, ಯಾವುದು ಹಿತ ಅಂತ ಅಳೆದರು. ಆ ಕೆಲಸ ನಡೆದ ವಿಭಾಗವನ್ನು ಕಟ್ಟಿದ್ದು 1945ರಲ್ಲಿ ಅಲ್ಲಿ ಸೇರಿದ ಮನೋವಿಜ್ಞಾನಿ ಜಾನ್ ಕಾರ್ಲಿನ್. ಕೋಟ್ಯಂತರ ಬೆರಳುಗಳು ದಿನಾ ಆ ಜೋಡಣೆಯ ಮೇಲೆ ಓಡಾಡುತ್ತವೆ. ಈ ಪತ್ರ ಬರೆಯುವ ತನಕ ನಾನೂ ಯಾವ ಕೈಪಿಡಿಯಲ್ಲೂ ಅವರ ಹೆಸರು ನೋಡಿಲ್ಲ.

ಅಮೆರಿಕದ ಮನೋವಿಜ್ಞಾನಿ ಸ್ಟ್ರೂಪ್ ಅವರನ್ನೇ ತೆಗೆದುಕೊಳ್ಳಿ. ಕೆಂಪು ಅನ್ನುವ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಬಣ್ಣ ಯಾವುದು ಅಂತ ಕೇಳಿದರೆ ನಾಲಿಗೆ ತಡವರಿಸುತ್ತದಲ್ಲ, ಆ ಪ್ರಯೋಗ. 1935ರಲ್ಲಿ ಅಚ್ಚಾಯಿತು, ಅವರ ಪಿಎಚ್.ಡಿ. ಕೆಲಸ ಅದು. ಇಂದಿಗೂ ಅದನ್ನು ಮಾಡದ ಲ್ಯಾಬ್ ಇಲ್ಲ. ಆದರೆ ಸ್ಟ್ರೂಪ್ ಆಮೇಲೆ ಪ್ರಯೋಗಗಳನ್ನು ಹೆಚ್ಚೂಕಡಿಮೆ ಬಿಟ್ಟೇಬಿಟ್ಟರು. ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬೈಬಲ್ ಬೋಧಿಸುತ್ತಾ ಬದುಕಿದರು. ಈಗಿನ ಯಾವ ವಿಭಾಗವಾದರೂ ಅವರನ್ನು "ಸಂಶೋಧನೆಯಲ್ಲಿ ಮುಂದುವರಿಯಲಿಲ್ಲ" ಅಂತ ಬದಿಗೆ ಸರಿಸುತ್ತಿತ್ತು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಪಿಎಚ್.ಡಿ. ಮುಗಿದ ಮೇಲೆ ಎರಡು ವರ್ಷ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನಾ ಕೆಲಸ. ಆಮೇಲೆ ಪ್ರೊಫೆಸರ್ ಕೆಲಸಕ್ಕೆ ಅರ್ಜಿಗಳು. ಉತ್ತರ ಬಂದದ್ದು ಕೆಲವಕ್ಕೆ, ಸಂದರ್ಶನ ಎರಡಕ್ಕೆ, ಕೆಲಸ ಯಾವುದಕ್ಕೂ ಇಲ್ಲ. ಆಗ ಹೊರಗೆ ನೋಡಿದೆ. "ಪ್ರಾಯೋಗಿಕ ಮನೋವಿಜ್ಞಾನಿ ಬೇಕಾಗಿದ್ದಾರೆ" ಅಂತ ಎಲ್ಲಿಯೂ ಜಾಹೀರಾತು ಇರುವುದಿಲ್ಲ. ಇದು ಗೊತ್ತಾಗಲು ತಿಂಗಳುಗಳೇ ಹಿಡಿದವು. ಬಳಕೆದಾರ ಸಂಶೋಧಕಿ (ಯೂಸರ್ ರಿಸರ್ಚರ್, ಜನ ಒಂದು ವಸ್ತುವನ್ನು ಹೇಗೆ ಬಳಸುತ್ತಾರೆ ಅಂತ ನೋಡುವವಳು), ಹ್ಯೂಮನ್ ಫ್ಯಾಕ್ಟರ್ಸ್ ಎಂಜಿನಿಯರ್ (ಸಲಕರಣೆಯನ್ನು ಮನುಷ್ಯರಿಗೆ ಹೊಂದಿಸುವವರು), ಡೇಟಾ ಅನಲಿಸ್ಟ್, ಸೈಕೋಮೆಟ್ರಿಷಿಯನ್ (ಮನಸ್ಸನ್ನು ಅಳೆಯುವ ಪರೀಕ್ಷೆಗಳನ್ನು ರೂಪಿಸುವವರು), ಸಮೀಕ್ಷಾ ತಜ್ಞೆ: ನಮ್ಮ ಕೆಲಸ ಇಂಥ ಹೆಸರುಗಳ ಹಿಂದೆ ಅಡಗಿ ಕೂತಿರುತ್ತದೆ. ಪರೀಕ್ಷೆಗಳ ಪ್ರಶ್ನೆ ರೂಪಿಸುವ ಸಂಸ್ಥೆಗಳಲ್ಲಿ, ವೈದ್ಯಕೀಯ ಸಾಧನ ಮಾಡುವವರಲ್ಲಿ, ವಾಹನ ಮತ್ತು ವಿಮಾನದ ಕಂಪನಿಗಳಲ್ಲಿ, ಔಷಧ ಪ್ರಯೋಗಗಳಲ್ಲಿ ನಮ್ಮವರಿದ್ದಾರೆ. ಸರ್ಕಾರಗಳಲ್ಲೂ ಇದ್ದಾರೆ. ಜನರ ನಡವಳಿಕೆಯ ಮೇಲೆ ಪ್ರಯೋಗ ಮಾಡಿ ನೀತಿ ರೂಪಿಸಲು ಬ್ರಿಟನ್ 2010ರಲ್ಲಿ ಒಂದು ತಂಡವನ್ನೇ ಕಟ್ಟಿತು.

ಹೊರಗಿನ ಮೊದಲ ಸಂದರ್ಶನದಲ್ಲಿ ಗಮನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಎದುರಿಗಿದ್ದವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಸರಿ, ನಿಮ್ಮಿಂದ ನಮಗೆ ಏನಾಗುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರನೇ ಸಂದರ್ಶನದ ಹೊತ್ತಿಗೆ ಇತ್ತು. "ಈ ಗುಂಡಿಯನ್ನು ಜನ ಬೇಕು ಅಂತ ಒತ್ತುತ್ತಿದ್ದಾರೋ, ಕೈತಪ್ಪಿ ಒತ್ತುತ್ತಿದ್ದಾರೋ, ಎರಡು ವಾರದಲ್ಲಿ ಹೇಳುತ್ತೇನೆ" ಅಂದೆ. ಕೆಲಸ ಸಿಕ್ಕಿತು. ಇದೇನು ಮಹಾ ವಿದ್ಯೆಯಲ್ಲ. ಒಂದು ಸೆಮಿಸ್ಟರಿನಲ್ಲಿ ಕಲಿಸಬಹುದಾದ ಮಾತು.

ಹೊರಗಿನದೆಲ್ಲ ಚಿನ್ನ ಅಂತಲೂ ನಾನು ಹೇಳುವುದಿಲ್ಲ. ಲ್ಯಾಬಿನಲ್ಲಿ ನಲವತ್ತು ಜನರನ್ನು ಒಟ್ಟುಗೂಡಿಸಲು ಪರದಾಡುತ್ತಿದ್ದವಳಿಗೆ ಇಲ್ಲಿ ಲಕ್ಷಗಟ್ಟಲೆ ಜನರ ಮೇಲೆ ಎ/ಬಿ ಪರೀಕ್ಷೆ ಸಿಗುತ್ತದೆ, ಅದು ನಿಜ. ಎರಡು ಗುಂಪು, ಒಂದು ಬದಲಾವಣೆ, ಯಾರಿಗೆ ಯಾವುದು ಅಂತ ಲಾಟರಿ. ನೀವು ಕಲಿಸಿದ ಪ್ರಯೋಗವೇ ಹೆಸರು ಬದಲಿಸಿಕೊಂಡು ಬಂದಿದೆ. ಆದರೆ ಸಿಕ್ಕ ಉತ್ತರ ಕಂಪನಿಯ ಸ್ವತ್ತು. ಅಚ್ಚು ಮಾಡುವ ಹಾಗಿಲ್ಲ. ಆರು ತಿಂಗಳು ಹಿಡಿಯುವ ಪ್ರಶ್ನೆಗೆ ನಾಲ್ಕು ದಿನದಲ್ಲಿ ಉತ್ತರ ಬೇಕು ಅನ್ನುತ್ತಾರೆ. ಮೇಲಿನವರಿಗೆ ಹಿಡಿಸದ ಫಲಿತಾಂಶ ಇಲ್ಲೂ ಡ್ರಾಯರ್ ಸೇರುತ್ತದೆ. 2022-23ರಲ್ಲಿ ಟೆಕ್ ಕಂಪನಿಗಳು ಜನರನ್ನು ತೆಗೆದಾಗ ಬಳಕೆದಾರ ಸಂಶೋಧಕರೂ ಅದರಲ್ಲಿ ಇದ್ದರು. ಸಂಬಳ ಮಾತ್ರ ಪೋಸ್ಟ್‌ಡಾಕ್‌ಗಿಂತ ಜಾಸ್ತಿ, ಶನಿವಾರ ನನ್ನದು.

ಈಗ ಫೋನ್ ಮಾಡಿದ ಆ ಹುಡುಗಿಗೆ ಹೇಳಿದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಅವಳಂಥವರೂ ಓದುತ್ತಿರಬಹುದು. ಬೇಡ ಅನ್ನಲಿಲ್ಲ. ಮೊದಲು ಒಂದು ವರ್ಷ ಯಾವುದಾದರೂ ಲ್ಯಾಬಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡು ಅಂದೆ. ದತ್ತಾಂಶ ಸಂಗ್ರಹಿಸುವ ಬೇಜಾರು ಸಹಿಸಲು ಆಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೊರಗಿನ ಹಲವು ಕೆಲಸಗಳಿಗೆ ಸ್ನಾತಕೋತ್ತರ ಪದವಿಯೇ ಸಾಕು. ಪಿಎಚ್.ಡಿ.ಗೆ ಹೋಗುವುದಾದರೆ ಪ್ರಶ್ನೆಯೊಂದು ನಿನ್ನನ್ನು ಬಿಡದೆ ಕಾಡುತ್ತಿರಬೇಕು, ಮತ್ತು ಯಾರಾದರೂ ಆ ವರ್ಷಗಳಿಗೆ ದುಡ್ಡು ಕೊಡುತ್ತಿರಬೇಕು. ಸಾಲ ಮಾಡಿ ಸಂಶೋಧನಾ ಪಿಎಚ್.ಡಿ. ಮಾಡಬೇಡ. ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರು ಯಾರು ಅನ್ನುವುದು ಮುಖ್ಯ. ನಾಲ್ಕೈದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಅವರ ಜೊತೆಗೇ ಬಾಳಬೇಕು. ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡು. ಕೈಪಿಡಿಯಲ್ಲಿ ಹೆಸರಿರುವವರ ಜೊತೆ ಅಲ್ಲ, ಇಲ್ಲದವರ ಜೊತೆ. ಆರ್ ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿ, ಅಂಕಿಅಂಶಕ್ಕೆ ಹೆದರಬೇಡ. ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಕೇಳಿದಳು: "ಇಲ್ಲದವರನ್ನು ಹುಡುಕೋದು ಹೇಗೆ?"

ಆ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿದೆ.

ದೊಡ್ಡದೇನೂ ಕೇಳುತ್ತಿಲ್ಲ. ಒಂದು ಪಟ್ಟಿ ಮಾಡಿ. ಕಳೆದ ಹದಿನೈದು ವರ್ಷಗಳಲ್ಲಿ ಪಿಎಚ್.ಡಿ.ಗೆ ಸೇರಿದ ಪ್ರತಿಯೊಬ್ಬರಿಗೂ ಒಂದು ಸಾಲು. ಮುಗಿಸಿದವರು ಮಾತ್ರ ಅಲ್ಲ, ಸೇರಿದವರೆಲ್ಲ. ಅರ್ಧಕ್ಕೆ ಬಿಟ್ಟವರನ್ನು ಬಿಟ್ಟರೆ ಅದು ಇನ್ನೊಂದು ಡ್ರಾಯರ್ ಆಗುತ್ತದೆ. ಹೆಸರು ಬೇಡ, ಹೆಸರಿಲ್ಲದೆಯೂ ನಡೆಯುತ್ತದೆ. ಸೇರಿದ ವರ್ಷ, ಮುಗಿಸಿದ ಅಥವಾ ಬಿಟ್ಟ ವರ್ಷ, ಹಣಕಾಸಿನ ನೆರವು ಎಷ್ಟು ವರ್ಷ ಇತ್ತು, ಈಗ ಏನು ಕೆಲಸ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತ ಬರೆಯಿರಿ. ಅದನ್ನು ಆ ಹನ್ನೊಂದು ಹೆಸರುಗಳ ಜಾಗದಲ್ಲಿ ಹಾಕಿ. ಅರ್ಜಿ ಹಾಕುವವರು ಕಡಿಮೆಯಾಗುತ್ತಾರೆ ಅನ್ನುವ ಭಯ ಇರಬಹುದು. ಆಗಲಿ. ತಿಳಿದು ಬರುವ ಹತ್ತು ಜನ ಲ್ಯಾಬಿಗೆ ಸಾಕಲ್ವಾ?

ಇದರ ಜೊತೆಗೆ, ಯಾರಾದರೂ ವಿದ್ಯಾರ್ಥಿ ಮೂರು ತಿಂಗಳು ಹೊರಗೆ ಇಂಟರ್ನ್‌ಶಿಪ್ ಮಾಡಿ ಬರುತ್ತೇನೆ ಅಂದರೆ ಮುಖ ಸಿಂಡರಿಸಬೇಡಿ. ನನ್ನ ಗೆಳೆಯನೊಬ್ಬ ಅದನ್ನು ಗುಟ್ಟಾಗಿ ಮಾಡಿದ್ದ, ಆರೋಗ್ಯ ಸರಿಯಿಲ್ಲ ಅಂತ ಸುಳ್ಳು ಹೇಳಿ. ಪ್ರಾಮಾಣಿಕತೆಯ ಮೇಲೆ ನಿಂತ ವಿಷಯ ನಮ್ಮದು. ಅವನಿಗೆ ಆ ಸ್ಥಿತಿ ಬರಬಾರದಿತ್ತು.

ಪಟ್ಟಿ ಶುರು ಮಾಡಲು ಸುಲಭವಾಗಲಿ ಅಂತ ನನ್ನ ಸಾಲನ್ನು ನಾನೇ ತುಂಬಿ ಕಳಿಸುತ್ತಿದ್ದೇನೆ.

ಪಿಎಚ್.ಡಿ.: ಆರು ವರ್ಷ. ನೆರವು: ಐದು ವರ್ಷ. ಪೋಸ್ಟ್‌ಡಾಕ್: ಎರಡು ವರ್ಷ. ಅಚ್ಚಾದ ಪ್ರಬಂಧಗಳು: ಮೂರು. ಅಚ್ಚಾಗದ ಪ್ರಯೋಗಗಳು: ನಾಲ್ಕು. ಈಗ: ಬಳಕೆದಾರ ಸಂಶೋಧಕಿ. ವಿಭಾಗದವರು ಆಮೇಲೆ ಸಂಪರ್ಕಿಸಿದ್ದು: ಒಂದು ಸಲ, ದೇಣಿಗೆ ಕೇಳಲು.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ